ಷಡ್ಡಕರ ನಿಶ್ಶಬ್ದ ಗಿಟಾರು

ನಮ್ಮ ಷಡ್ಡಕರನ್ನು ನೀವು ಕಣ್ಣು ಮುಚ್ಚಿ ನಂಬಬಹುದು. ಅವರು ಮಾತ್ರ ನಿಮ್ಮನ್ನು ನಂಬುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಅವರು ಒಂದು ಕಿಲೋ ತೊಗರಿಬೇಳೆಯನ್ನೂ ನಂಬುವುದಿಲ್ಲ! ಇಡೀ ಸರ್ವಿಸ್ಸನ್ನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಕಳೆದವರು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿವೃತ್ತರಾದ ಮೇಲೆ ತಕ್ಕಡಿ ಹೋಯಿತು, ಮುಳ್ಳು ಉಳಿಯಿತು. ಅದು ಈಗ ಬಂಧುಬಳಗದ ಕಡೆ ತಿರುಗಿದೆ. ಬಂಧುಬಳಗ ಎಂದರೆ ಬೇರೆ ಯಾರೂ ಅಲ್ಲ, ನಾನು.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮನೆಯ ಅಳಿಯಂದಿರು ಎಂಬುದನ್ನು ಬಿಟ್ಟರೆ ನಮ್ಮಿಬ್ಬರಿಗೆ ಹೋಲಿಕೆ ಇಲ್ಲ. ಅವರಿಗೆ ಎಲ್ಲದರ ಮೇಲೂ ಸಂಶಯ, ನನಗೆ ಎಲ್ಲದರ ಬಗ್ಗೆಯೂ ಭಯ. ನಾನೊಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಬೆಂಕಿ ಹತ್ತಬಹುದೆ, ಗೋಡೆ ಬೀಳಬಹುದೆ, ಲಾರಿ ಮಗುಚಬಹುದೆ ಎಂದು ಚಿಂತಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ.

ನಾವಿರುವುದು ಲಿಂಗಂಪಲ್ಲಿಯಲ್ಲಿ, ಅವರಿರುವುದು ತಾರ್ನಾಕದಲ್ಲಿ. ನಡುವೆ ಇಡೀ ಹೈದರಾಬಾದು ಮಲಗಿದೆ. ಆದರೂ ಭಾನುವಾರ ಬಂತೆಂದರೆ ಅವರ ಫೋನು: "ತಮ್ಮಾ, ಖಾಲಿ ಅದೀಯೇನು?" ಈ ಪ್ರಶ್ನೆಗೆ 'ಇಲ್ಲ' ಎನ್ನುವ ಧೈರ್ಯವನ್ನು ನಾನು ಇನ್ನೂ ಸಂಪಾದಿಸಿಲ್ಲ. ಲೋಕಲ್ ರೈಲು ಹಿಡಿದು, ಸಿಕಂದರಾಬಾದಿನಲ್ಲಿ ಇಳಿದು, ಬಸ್ಸಿನಲ್ಲಿ ಜೋತಾಡಿ ಅವರ ಮನೆ ಸೇರುವ ಹೊತ್ತಿಗೆ ನನ್ನ ಭಾನುವಾರ ಅರ್ಧ ಸತ್ತಿರುತ್ತದೆ. ಉಳಿದರ್ಧ ಬೇಗಂ ಬಜಾರಿನಲ್ಲಿ ಪ್ರಾಣ ಬಿಡುತ್ತದೆ.

ಬೇಗಂ ಬಜಾರಿನ ಓಣಿಯಲ್ಲಿ ಅವರು ಕಾಲಿಟ್ಟರೆ ಈಗಲೂ ತಕ್ಕಡಿಗಳು ತಾವಾಗಿಯೇ ಸೆಟೆದು ನಿಲ್ಲುತ್ತವೆ. ಒಮ್ಮೆ ಹಳೇ ಪರಿಚಯದ ಸೇಠ್ ಒಬ್ಬ ಜೀರಿಗೆ ತೂಗಿ, ಮೇಲೊಂದು ಹಿಡಿ ಪ್ರೀತಿಯಿಂದ ಹಾಕಿ, "ಆಪ್ ಕೇ ಲಿಯೇ, ಸಾಬ್" ಎಂದು ಕೈ ಮುಗಿದ. ಷಡ್ಡಕರ ಮುಖ ಕೆಂಪಾಯಿತು.

"ಕಡಿಮಿ ಹಾಕೋದಷ್ಟ ಅಲ್ಲ, ಹೆಚ್ಚಿಗಿ ಹಾಕೋದೂ ತಪ್ಪು ತೂಕಾನ! ನಿಕಾಲೋ!"

ಸೇಠ್ ಒಂದೊಂದೇ ಚಿಟಿಕೆ ಜೀರಿಗೆ ವಾಪಸ್ಸು ತೆಗೆದ. ನಾನು ಚೀಲ ಹಿಡಿದುಕೊಂಡು ಸೀನುತ್ತ ನಿಂತಿದ್ದೆ. ನನ್ನ ಸೀನಿಗೆ ಮುಳ್ಳು ಅಲುಗಾಡುತ್ತದೆ ಎಂದು ನನ್ನನ್ನು ಆಚೆ ಕಳಿಸಿದರು.

ಇಂಥವರ ಕೈಗೆ ಗಿಟಾರು ಬಂದದ್ದು ಹೇಗೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಹೋದ ವರ್ಷ ಒಂದು ಬೆಳಿಗ್ಗೆ ಷಡ್ಡಕರು ನಡುಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಓದುತ್ತಿದ್ದವರು ಕೂತಲ್ಲೇ ಮೆಲ್ಲಗೆ ಒಂದು ಕಡೆ ವಾಲಿದರು. ಕೂಗಲಿಲ್ಲ, ನರಳಲಿಲ್ಲ, ಕೈಯಲ್ಲಿದ್ದ ಪೇಪರ್ ಕೂಡ ಸದ್ದಿಲ್ಲದೆ ಜಾರಿತು. ಒಳಗೆ ಮಲಗಿದ್ದ ಅಕ್ಕ ನೀರು ಕುಡಿಯಲೆಂದು ಎದ್ದು ಬಂದದ್ದು ನಮ್ಮೆಲ್ಲರ ಪುಣ್ಯ. ಅಕ್ಕ ಎಂದರೆ ನನ್ನ ಹೆಂಡತಿಯ ಅಕ್ಕ, ನನಗೂ ಅಕ್ಕನೇ. ಆಕೆ ದೊಡ್ಡ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನರ್ಸು. ಕಾಯಂ ರಾತ್ರಿ ಪಾಳಿ. ಊರೆಲ್ಲ ತಿಂಡಿ ತಿನ್ನುವ ಹೊತ್ತಿಗೆ ಮನೆಗೆ ಬಂದು ಮಲಗುತ್ತಾರೆ. ರಾತ್ರಿ ಮನೆಯಲ್ಲಿರುವ ಮಗಳು ಬೆಳಗಾದರೆ, ಭಾನುವಾರವೂ ಬಿಡದೆ, ಪಕ್ಕದ ಯೂನಿವರ್ಸಿಟಿಗೆ ಓದಲು ಹೋಗಿಬಿಡುತ್ತಾಳೆ. ಹಾಗಾಗಿ ಹಗಲು ಮನೆಯಲ್ಲಿ ಇಬ್ಬರೇ, ಒಬ್ಬರು ಮಲಗಿರುವವರು, ಇನ್ನೊಬ್ಬರು ಎದ್ದಿರುವವರು.

ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಬಿಡುಗಡೆ ಮಾಡುವಾಗ ಡಾಕ್ಟರು, "ಟೆನ್ಷನ್ ಬೇಡ, ಸಂಗೀತ ಗಿಂಗೀತ ಕೇಳ್ತಾ ಆರಾಮಾಗಿರಿ" ಎಂದರು. ಸಾಮಾನ್ಯ ಮನುಷ್ಯನಾಗಿದ್ದರೆ ರೇಡಿಯೋ ಹಾಕಿಕೊಂಡು ಕೂರುತ್ತಿದ್ದ.

"ಕೇಳೋದು ಅಂದ್ರ ಏನು ತಮ್ಮಾ? ಇನ್ನೊಬ್ಬ ನುಡಿಸಿದ್ದನ್ನ ಖರೇ ಅಂತ ನಂಬೋದು! ಅದು ನನ್ನ ಕಡಿಂದ ಆಗಂಗಿಲ್ಲ. ನಾನ ನುಡಿಸಿ ನೋಡ್ತೀನಿ" ಎಂದರು ಷಡ್ಡಕರು.

ತಬಲಾ ಬೇಡ, ಸದ್ದು. ಹಾರ್ಮೋನಿಯಂ ಬೇಡ, ಸದ್ದು. ಅಕ್ಕನ ನಿದ್ದೆ ಕೆಡಬಾರದು. ಕಡೆಗೆ ಯಾರೋ ಪುಣ್ಯಾತ್ಮ ಹೇಳಿದನಂತೆ, ಎಲೆಕ್ಟ್ರಿಕ್ ಗಿಟಾರಿಗೆ ಪೊಳ್ಳು ಹೊಟ್ಟೆ ಇರುವುದಿಲ್ಲ, ವೈರು ಸಿಕ್ಕಿಸದಿದ್ದರೆ ಅದು ಸೊಳ್ಳೆಗಿಂತ ಮೆತ್ತಗೆ ಹಾಡುತ್ತದೆ ಎಂದು. ಸೊಳ್ಳೆಗಿಂತ ಮೆತ್ತಗೆ! ಅದೇ ದಿನ ಕೊಂಡು ತಂದರು. ನುಡಿಸಿದರು. ಉಪ್ಪು ಹಾಕದ ಸಾರಿನಂತಿತ್ತು. ಮರುದಿನವೇ ಅದಕ್ಕೆ ದನಿ ಕೊಡುವ ಪೆಟ್ಟಿಗೆಯನ್ನೂ ತಂದರು. ಆಂಪ್ ಎನ್ನುತ್ತಾರೆ. ಸೆಕೆಂಡ್ ಹ್ಯಾಂಡಿನದು, ನಮ್ಮ ಮನೆಯ ಕೂಲರಿನಷ್ಟು ದೊಡ್ಡದು.

ಮೊದಲ ತಂತಿ ಮೀಟಿದ್ದಷ್ಟೇ. ಅಡುಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ನಡುಗಿದವಂತೆ. ಕೆಳಗಿನ ಮನೆಯ ತೆಲುಗು ಆಂಟಿ ಗ್ಯಾಸ್ ಸಿಲಿಂಡರ್ ಸಿಡಿಯಿತೆಂದುಕೊಂಡು ಮೆಟ್ಟಿಲಿಳಿದು ರಸ್ತೆಗೆ ಓಡಿದರಂತೆ. ಅಕ್ಕ ಕಣ್ಣುಜ್ಜಿಕೊಂಡು ಬಂದು, "ಏನ್ರೀ, ಹೋದ ಜೀವ ವಾಪಸ್ ಬಂದೈತಿ ಅಂತ ಊರಿಗೆಲ್ಲಾ ಡಂಗುರಾ ಹೊಡಿಯಾಕತ್ತೀರೇನು?" ಎಂದರಂತೆ. ಆ ಪೆಟ್ಟಿಗೆ ಈಗ ಕುಡಿಯುವ ನೀರಿನ ಕೊಡ ಹೊತ್ತು ಅಡುಗೆಮನೆಯ ಮೂಲೆಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದೆ.

"ಸಂಜಿ ಮುಂದ ನುಡಸ್ರಿ ಅಣ್ಣಾರ, ಅಕ್ಕಾರು ಎದ್ದ ಮ್ಯಾಲ" ಎಂದೆ ನಾನು.

"ಸಂಜಿ ಮುಂದ ಅಕಿ ಎದ್ದಿರ್ತಾಳ. ಚಹಾ ಕುಡೀತೀವಿ, ಮಾತಾಡ್ತೀವಿ. ಗಿಟಾರು ಯಾಕ ಬೇಕು?" ಎಂದರು. ಹೆಂಡತಿಯ ಜೊತೆ ಚಹಾ ಕುಡಿಯುವುದು ಇಷ್ಟು ಮುಖ್ಯವಾದ ಕೆಲಸವೆಂದು ನನಗೆ ಗೊತ್ತೇ ಇರಲಿಲ್ಲ.

ಆಗ ಶುರುವಾಯಿತು ಮಾಡೆಲರ್ ಪುರಾಣ. ಮಿಮಿಕ್ರಿ ಮಾಡುವವರನ್ನು ನೋಡಿದ್ದೀರಲ್ಲ? ಒಬ್ಬನೇ ನಿಂತು ಮಂತ್ರಿ, ಕೋಗಿಲೆ, ಸ್ಕೂಟರು ಎಲ್ಲದರ ದನಿ ತೆಗೆಯುತ್ತಾನೆ. ಆಂಪ್ ಮಾಡೆಲರ್ ಎಂಬ ಯಂತ್ರವೂ ಹಾಗೆಯೇ. ಅಂಗೈಯಗಲದ ಡಬ್ಬಿ. ಜಗತ್ತಿನ ದೊಡ್ಡ ದೊಡ್ಡ ಆಂಪುಗಳ ದನಿಯನ್ನೆಲ್ಲ ನಕಲು ಮಾಡುತ್ತದೆ. ಆದರೆ ಹೆಡ್‌ಫೋನಿನ ಒಳಗೆ, ನಿಮ್ಮ ಕಿವಿಗೆ ಮಾತ್ರ. ಪಕ್ಕದಲ್ಲಿ ಕೂತವನಿಗೆ ಏನೂ ಇಲ್ಲ.

ಕೇಳಲು ಸುಲಭ. ಆರಿಸಲು? ಅಬ್ಬಬ್ಬಾ! ಕಾಲಿನಿಂದ ಒತ್ತುವುದು ಬೇರೆ, ಮೇಜಿನ ಮೇಲಿಡುವುದು ಬೇರೆ, ಗಿಟಾರಿಗೇ ಚುಚ್ಚುವುದು ಬೇರೆ. ಒಂದೊಂದಕ್ಕೂ ಹತ್ತಾರು ಗುಬುಟು. ಷಡ್ಡಕರು ಯೂಟ್ಯೂಬಿನಲ್ಲಿ ಒಬ್ಬೊಬ್ಬ ಗಡ್ಡದವನ ವಿಮರ್ಶೆಯನ್ನೂ ನೋಡಿ, ಯಾರನ್ನೂ ನಂಬದೆ, ನನಗೆ ಕಳಿಸುತ್ತಿದ್ದರು. ಮೀಟಿಂಗಿನ ನಡುವೆ ಫೋನು: "ತಮ್ಮಾ, ಆ ಗಡ್ಡದಾಂವ ಸುಳ್ಳು ಹೇಳಾಕತ್ತಾನ ಅನ್ಸತೈತಿ. ನೀ ಏನಂತಿ?" ನಾನು ಏನನ್ನಲಿ? ನನಗೆ ಗಿಟಾರಿಗೆ ಎಷ್ಟು ತಂತಿ ಎಂಬುದೇ ಗ್ಯಾರಂಟಿ ಇಲ್ಲ. ಆದರೂ ಚಿಂತೆ ಮಾತ್ರ ನನ್ನದೇ ಆಯಿತು. ಡಬ್ಬಿ ಬಿಸಿಯಾಗಿ ಬೆಂಕಿ ಹತ್ತಿದರೆ? ಹೆಡ್‌ಫೋನಿನಲ್ಲಿ ಸಿಡಿಲು ಬಡಿದಂತಾಗಿ ಸ್ಟೆಂಟ್ ಅಲುಗಿದರೆ? ಹಾಸಿಗೆಯಲ್ಲಿ ಹೊರಳಾಡಿದೆ.

"ಗಿಟಾರು ಅವ್ರದು, ನಿದ್ದಿ ಅಕ್ಕಂದು. ನೀವ್ಯಾಕ ಹೊಳ್ಳ್ಯಾಡಾಕತ್ತೀರಿ?" ಎಂದಳು ನನ್ನ ಹೆಂಡತಿ.

ಮೊದಲು ತರಿಸಿದ್ದು ಗಿಟಾರಿಗೇ ಚುಚ್ಚುವ ಹೆಬ್ಬೆರಳಿನಷ್ಟು ಯಂತ್ರ. ಮಗಳ ಬ್ಲೂಟೂತ್ ಇಯರ್‌ಫೋನನ್ನು ಅದಕ್ಕೆ ಜೋಡಿಸಿದರು. ಅರ್ಧ ಗಂಟೆಗೇ ಫೋನು.

"ತಮ್ಮಾ, ಸಪ್ಪಳ ತಡಾ ಮಾಡಿ ಬರಾಕತ್ತೈತಿ."

"ಎಷ್ಟು ತಡ ರೀ, ಅಣ್ಣಾರ?"

"ನಾ ಇಲ್ಲೆ ತಾರ್ನಾಕದಾಗ ಬಾರಿಸಿದ್ದು ಲಿಂಗಂಪಲ್ಲಿಗೆ ಬಂದು, ನಿನ್ನ ಮಾತಾಡಿಸಿ, ಲೋಕಲ್ ಹಿಡಕೊಂಡು ವಾಪಸ್ ಬರಾಕತ್ತೈತಿ!"

ತಂತಿಯ ಹೆಡ್‌ಫೋನ್ ಹಾಕಿದರೆ ಆ ತಡ ಇರುವುದಿಲ್ಲ ಎಂಬುದನ್ನು ನಾನು ಆಫೀಸಿನ ಹುಡುಗರಿಂದ ತಿಳಿದು ಹೇಳುವಷ್ಟರಲ್ಲಿ ಯಂತ್ರ ಪ್ಯಾಕಾಗಿ ವಾಪಸ್ಸು ಹೊರಟಿತ್ತು. "ತಡಾ ಮಾಡಿ ಕೊಡೋದೂ ತಪ್ಪು ಅಳತಿನ" ಎಂದು ತೀರ್ಪಾಗಿತ್ತು.

ಇನ್ನು ಮುಂದೆ ಕಣ್ಣಾರೆ ನೋಡದೆ ಕೊಳ್ಳುವುದಿಲ್ಲ ಎಂದು, ಸುಡುಬಿಸಿಲಿನ ಒಂದು ಭಾನುವಾರ ನನ್ನನ್ನು ಸಿಕಂದರಾಬಾದಿನ ಸಂಗೀತದ ಅಂಗಡಿಗೆ ಎಳೆದುಕೊಂಡು ಹೋದರು. ಅಲ್ಲಿದ್ದ ಸೇಲ್ಸ್‌ಮನ್ ನನ್ನ ವಯಸ್ಸಿನವನೇ. ಕೂದಲು ಮಾತ್ರ ನನ್ನ ಪಾಲಿನದನ್ನೂ ಸೇರಿಸಿಕೊಂಡಂತೆ ಉದ್ದಕ್ಕೆ ಬೆಳೆದು ಜುಟ್ಟಾಗಿತ್ತು. ಪಾಪ, ಉತ್ಸಾಹದಿಂದ ಒಂದು ಡಬ್ಬಿ ತೆಗೆದ.

"ಇಸ್ಮೇ ಸೌ ಆಂಪ್ ಹೈ, ಸಾಬ್!"

"ಸೌ?" ಷಡ್ಡಕರು ಡಬ್ಬಿಯನ್ನು ಅಂಗೈ ಮೇಲಿಟ್ಟು ತೂಕ ನೋಡಿದರು. "ನೂರು ಆಂಪ್ ಒಳಗ ಇದ್ರ ಇಷ್ಟ ಹಗುರ ಇರ್ತೈತೇನು? ಗಿನ್ ಕೇ ದಿಖಾವ್."

ಎಣಿಸಿ ತೋರಿಸಬೇಕಂತೆ! ಜುಟ್ಟಿನವನು ನಕ್ಕ. ಇವರು ನಗಲಿಲ್ಲ. ಅವನು ಗುಬುಟು ತಿರುಗಿಸುತ್ತ ಒಂದೊಂದೇ ದನಿ ಹೊರಡಿಸತೊಡಗಿದ. ಒಂದು ಗುಡುಗು, ಒಂದು ಗೊರಕೆ, ಒಂದು ಬಾವಿಯೊಳಗಿಂದ ಯಾರೋ ಕರೆದಂತೆ. ನಾನು ಆಕಳಿಸುತ್ತ ನಿಂತೆ. ಬಹಳ ಹೊತ್ತಿನ ಮೇಲೆ ಷಡ್ಡಕರು ಕೈ ಎತ್ತಿ, "ಇದೂ ಆಗಳ ಕೇಳಿದ್ದೂ ಎರಡೂ ಒಂದ" ಎಂದರು. ತಿರುಗಿಸಿ ನೋಡಿದರೆ, ಹೌದು ಮಾರಾಯರೇ, ಹೆಸರು ಬೇರೆ, ದನಿ ಒಂದೇ! ಆ ಡಬ್ಬಿ ಅಲ್ಲಿಗೇ ಫೇಲು.

ಎರಡನೆಯ ಡಬ್ಬಿ ಬಂತು. ಜುಟ್ಟಿನವನು ಈ ಸಲ ಜಾಣತನ ತೋರಿಸಿ, ದೊಡ್ಡ ಸ್ಪೀಕರಿಗೆ ಜೋಡಿಸಿ, "ಏಕ್ ಬಾರ್ ಆವಾಜ್ ತೋ ಸುನೋ, ಸಾಬ್!" ಎಂದ.

"ಆವಾಜ್ ನಕ್ಕೋ. ಖಾಮೋಶಿ ದಿಖಾವ್."

ಸದ್ದು ಬೇಡ, ಮೌನ ತೋರಿಸು! ಅಂಗಡಿಯಲ್ಲಿ ಡ್ರಮ್ ಬಾರಿಸುತ್ತಿದ್ದವನೂ ಕೋಲು ಕೆಳಗಿಟ್ಟು ತಿರುಗಿ ನೋಡಿದ. ನಾನು ಗೋಡೆಗೆ ತೂಗುಹಾಕಿದ್ದ ಪಿಟೀಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಇವರು ನನ್ನವರಲ್ಲ ಎಂಬಂತೆ. ಉಪಯೋಗವಾಗಲಿಲ್ಲ.

"ತಮ್ಮಾ, ನೀ ಮಲಕೋ."

"ಎಲ್ಲಿ ರೀ?"

"ಆ ಬೆಂಚಿನ ಮ್ಯಾಲ. ಈಗ ನೀನ ನಿಮ್ಮ ಅಕ್ಕ."

ಜೇಬಿನಿಂದ ಟೇಪು ತೆಗೆದರು. ಅವರ ಮನೆಯ ಕುರ್ಚಿಗೂ ಅಕ್ಕನ ಮಂಚಕ್ಕೂ ಎಷ್ಟು ಅಂತರವೋ ಅಷ್ಟೇ ಅಂತರಕ್ಕೆ ಬೆಂಚನ್ನು ಎಳೆಸಿದರು. ನಡುವೆ ಬೆಡ್‌ರೂಮಿನ ಬಾಗಿಲಿನ ಬದಲು ಒಂದು ಕೀಬೋರ್ಡಿನ ರಟ್ಟಿನ ಪೆಟ್ಟಿಗೆ ನಿಲ್ಲಿಸಿದರು. ನಾನು ಕನ್ನಡಕ ತೆಗೆದು, ಚಪ್ಪಲಿ ಬಿಟ್ಟು, ಐವತ್ತರ ಹತ್ತಿರದ ಗೌರವಸ್ಥನೊಬ್ಬ ಸಂಗೀತದ ಅಂಗಡಿಯಲ್ಲಿ ಹೇಗೆ ಮಲಗಬೇಕೋ ಹಾಗೆ ಮಲಗಿದೆ. ಷಡ್ಡಕರು ಹೆಡ್‌ಫೋನ್ ಏರಿಸಿ ನುಡಿಸತೊಡಗಿದರು. ತಂತಿಯ ಸಣ್ಣ ಟಿಂಗ್ ಟಿಂಗ್ ಕೇಳುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟೆ. ಎ.ಸಿ. ತಣ್ಣಗಿತ್ತು. ಬೆಳಿಗ್ಗೆಯ ರೈಲು, ಬಸ್ಸು, ಬಿಸಿಲು...

ಕಣ್ಣು ಬಿಟ್ಟಾಗ ಜುಟ್ಟಿನವನು ಚಹಾ ಹಿಡಿದು ನಿಂತಿದ್ದ. ಷಡ್ಡಕರು ಡಬ್ಬಿಯನ್ನು ಎತ್ತಿ ಹಿಡಿದು ಇಡೀ ಅಂಗಡಿಗೆ ಕೇಳುವಂತೆ, "ಪಾಸ್!" ಎಂದರು.

ನಾನು ದಣಿದು ನಿದ್ದೆ ಹೋದದ್ದೆಂದು ಹೇಳೋಣವೆಂದುಕೊಂಡೆ. ಹೇಳಿದರೆ ಇನ್ನೊಂದು ಭಾನುವಾರ. ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ಸಂಜೆ ಮನೆಗೆ ಹೋದರೆ ಸುದ್ದಿ ಆಗಲೇ ಮುಟ್ಟಿತ್ತು. "ಅಂಗಡ್ಯಾಗ ಗೊರಕಿ ಹೊಡದ್ರಂತಲ್ಲ, ಭಾಳ ಛಲೋ ಕೆಲಸ ಮಾಡಿದ್ರಂತ, ಅವ್ರು ಹೊಗಳಾಕತ್ತಿದ್ರು" ಎಂದಳು ಹೆಂಡತಿ.

ಸರಿ, ಪುರಾಣ ಮುಗಿಯಿತು ಎಂದುಕೊಂಡೆ. ಮುಂದಿನ ಭಾನುವಾರ ಯಂತ್ರ ಹೇಗಿದೆ ನೋಡಿ ಬರೋಣವೆಂದು ನಾನಾಗಿಯೇ ತಾರ್ನಾಕಕ್ಕೆ ಹೋದೆ. ಚಿಂತೆ, ಇನ್ನೇನು. ಮೆಟ್ಟಿಲಲ್ಲೇ ಕೆಳಗಿನ ಮನೆಯ ಆಂಟಿ ನನ್ನನ್ನು ತಡೆದು, ದನಿ ತಗ್ಗಿಸಿ ಕೇಳಿದರು:

"ಏಮಂಡಿ, ಪೈನ ಎವರು ಏಡುಸ್ತುನ್ನಾರು?"

ಮೇಲೆ ಯಾರು ಅಳುತ್ತಿದ್ದಾರೆ ಎಂದು! ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ. ಬಾಗಿಲು ಬರಿದೆ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಷಡ್ಡಕರು ಕಿಟಕಿಯ ಕಡೆ ಮುಖ ಮಾಡಿ, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿ, ಮಡಿಲಲ್ಲಿ ಗಿಟಾರಿಟ್ಟುಕೊಂಡು ಕೂತಿದ್ದಾರೆ. ಗಿಟಾರು ಸೊಳ್ಳೆಗಿಂತ ಮೆತ್ತಗಿದೆ, ಯಂತ್ರದ್ದು ತಪ್ಪಿಲ್ಲ. ಆದರೆ ಅವರು ಹಾಡುತ್ತಿದ್ದಾರೆ! ತಮ್ಮ ಊರಿನ ಗುಡಿಯ ಭಜನೆಯೊಂದನ್ನು, ಕಿವಿ ಮುಚ್ಚಿಕೊಂಡವರು ಹಾಡುವ ಹಾಗೆ, ಅಂದರೆ ಶ್ರುತಿಗೂ ತಮಗೂ ಸಂಬಂಧವಿಲ್ಲದ ಹಾಗೆ, ಪೂರ್ತಿ ಎದೆ ತೆರೆದು. ಸಾಲದ್ದಕ್ಕೆ ಬಲಗಾಲಿನ ತಾಳ. ಟಕ್, ಟಕ್, ಟಕ್. ಕೆಳಗಿನ ಮನೆಯ ಫ್ಯಾನು ಅಲುಗುತ್ತಿದ್ದರೂ ಅಚ್ಚರಿಯಿಲ್ಲ.

ಇಷ್ಟು ತಿಂಗಳ ತಪಸ್ಸು, ನನ್ನ ಅಷ್ಟೂ ಭಾನುವಾರಗಳು, ಅಂಗಡಿಯ ಬೆಂಚಿನ ಮೇಲೆ ಮಣ್ಣುಪಾಲಾದ ನನ್ನ ಮರ್ಯಾದೆ! ಎಲ್ಲ ಅಕ್ಕನ ನಿದ್ದೆಗಾಗಿ. ಬೆಡ್‌ರೂಮಿನ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಅಕ್ಕ ಗೊರಕೆ ಹೊಡೆಯುತ್ತಿದ್ದರು. ಪಾಪ, ಈ ಗದ್ದಲದಲ್ಲೂ ನಿದ್ದೆ ಬರಬೇಕೆಂದರೆ ಎಷ್ಟು ದಣಿದಿರಬೇಕು ಎಂದು ಮರುಗಿದೆ.

ಷಡ್ಡಕರ ಭುಜ ತಟ್ಟಿ ವಿಷಯ ಹೇಳಿದೆ. ಹೆಡ್‌ಫೋನ್ ಇಳಿಸಿ, "ನಾ ಹಾಡಾಕತ್ತಿದ್ನಾ? ಸುಳ್ಳು" ಎಂದರು.

"ಖರೇನ ಅಣ್ಣಾರ. ಕೆಳಗಿನವರು ಯಾರೋ ಅಳಾಕತ್ತಾರ ಅಂತ ತಿಳದಾರ."

ಷಡ್ಡಕರ ಮುಖ ಸಣ್ಣದಾಯಿತು. ಕಳ್ಳ ತೂಕದ ಬಟ್ಟನ್ನು ಇನ್ಯಾರೋ ಅವರ ಜೇಬಿನಿಂದಲೇ ತೆಗೆದು ತೋರಿಸಿದಂತೆ. ಬೆಡ್‌ರೂಮಿನ ಬಾಗಿಲನ್ನು ನೋಡಿದರು. "ಅಕಿ ನಿದ್ದಿ ಕೆಡಸಿದ್ನೇನು ಇಷ್ಟು ದಿನ? ಒಂದ ಮಾತೂ ಅನಲಿಲ್ಲ ನೋಡು ಅಕಿ" ಎಂದು ಪಿಸುಗುಟ್ಟಿದರು.

ಅವರನ್ನು ಹಾಗೆ ನೋಡಲು ನನಗೆ ಆಗಲಿಲ್ಲ. ಕೆಡುವುದನ್ನು ಮೊದಲೇ ತಡೆಯುವುದೇ ನನ್ನ ವೃತ್ತಿ ಅಲ್ಲವೆ? ಕೆಲಸಕ್ಕೆ ಇಳಿದೆ. ಟವೆಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ ಬಲಗಾಲಿನ ಕೆಳಗೆ ಹಾಸಿದೆ. ತಾಳ ಸತ್ತಿತು. ಬಾಯಿಗೆ ಏನು ಮಾಡುವುದು? ಅಡುಗೆಮನೆಯಿಂದ ಒಂದು ಲವಂಗ ತಂದು, "ಹಲ್ಲಿನ ನಡುವ ಹಿಡೀರಿ. ಬಿಡಬ್ಯಾಡ್ರಿ. ಬಾಯಿ ತೆರದ್ರ ಬೀಳತೈತಿ" ಎಂದೆ. ವಿಧೇಯರಾಗಿ ಕಚ್ಚಿಕೊಂಡು ಹೆಡ್‌ಫೋನ್ ಏರಿಸಿದರು. ನುಡಿಸಿದರು. ಅದ್ಭುತ! ಮನೆಯೆಂಬ ಮನೆ ಬಾವಿಯ ತಳದಂತಾಯಿತು. ಗಡಿಯಾರದ ಮುಳ್ಳು ಕೂಡ ಸಂಕೋಚದಿಂದ ನಡೆಯುತ್ತಿತ್ತು. ಈ ಮೌನವನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿದ್ದರೂ ಒಂದು ಗುಂಜಿಯಷ್ಟು ಸದ್ದು ಸಿಗುತ್ತಿರಲಿಲ್ಲ. ಬಹಳ ದಿನಗಳ ಮೇಲೆ ನಾನು ಸೋಫಾಕ್ಕೆ ಒರಗಿ, ಯಾವ ಚಿಂತೆಯೂ ಇಲ್ಲದೆ ಕಣ್ಣು ಮುಚ್ಚಿದೆ.

ಬೆಡ್‌ರೂಮಿನ ಬಾಗಿಲು ಸರಕ್ಕನೆ ತೆರೆಯಿತು.

ಅಕ್ಕ. ಕೂದಲು ಬಿಚ್ಚಿದೆ, ಕಾಲಲ್ಲಿ ಚಪ್ಪಲಿಯಿಲ್ಲ, ಕಣ್ಣಲ್ಲಿ ಇನ್ನೂ ನಿದ್ದೆ. ನಾನಿದ್ದದ್ದನ್ನು ಅವರು ಗಮನಿಸಲೇ ಇಲ್ಲ. ದಡದಡನೆ ಬಂದವರು ಗಂಡನ ಬೆನ್ನ ಹಿಂದೆ ಗಕ್ಕನೆ ನಿಂತು, ಅವರ ಭುಜಗಳನ್ನೇ ನೋಡಿದರು. ಭುಜ ಮೆಲ್ಲಗೆ ಏರಿ ಇಳಿಯಿತು. ಗಿಟಾರಿನ ಮೇಲೆ ಬೆರಳು ಓಡಾಡುತ್ತಿತ್ತು. ಅಕ್ಕ ಗೋಡೆಗೆ ಕೈಯೂರಿದರು.

ಷಡ್ಡಕರಿಗೆ ಏನೂ ಗೊತ್ತಾಗಲಿಲ್ಲ. ಅವರ ಕಿವಿಯಲ್ಲಿ ನೂರಾರು ಆಂಪುಗಳಿದ್ದವು.

ನಾನು ಗಾಬರಿಯಿಂದ ಎದ್ದು, "ಅಕ್ಕಾರ, ಸಪ್ಪಳ ಬಂತೇನ್ರಿ?" ಎಂದೆ.

"ಇಲ್ಲ. ಬರಲಿಲ್ಲ. ಅದಕ್ಕ ಎದ್ದೆ."

ನನಗೆ ಅರ್ಥವಾಗಲಿಲ್ಲ. ಅಕ್ಕ ಕೂದಲು ಹಿಂದೆ ತಳ್ಳಿ, ಅವರ ಬೆನ್ನಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು:

"ರಾತ್ರಿಯೆಲ್ಲಾ ವಾರ್ಡಿನ್ಯಾಗ ಮಷೀನು ಬೀಪ್ ಬೀಪ್ ಅಂತಿರ್ತಾವ ನೋಡ್ರಿ. ಅದು ನಡದೈತಿ ಅಂದ್ರ ಪೇಶಂಟ್ ಆರಾಮ ಅದಾನ ಅಂತ. ನಾವು ಕೂತಲ್ಲೆ ಕಣ್ಣು ಮುಚ್ಚಿದ್ರೂ ನಡೀತೈತಿ. ಸಪ್ಪಳ ನಿಂತ್ರ ಓಡಬೇಕು... ಅವತ್ತು ಇವ್ರು ಪೇಪರ್ ಓದಕೋತ ವಾಲಿದ್ರಲ್ಲ, ಒಂದು ಸಪ್ಪಳ ಆಗಿದ್ದಿಲ್ಲ. ಅವತ್ತಿನಿಂದ ಹಗಲಿ ನನಗ ನಿದ್ದಿ ಅಂಬೋದ ಇದ್ದಿಲ್ಲ. ಘಳಿಗಿಗೊಮ್ಮಿ ಎದ್ದು ಬಂದು ನೋಡೋದ ಆಗಿತ್ತು. ಈ ಹಾಡು ಶುರು ಆದ ಮ್ಯಾಲ ನೋಡ್ರಿ, ಈ ಎಂಟು ದಿನ, ಮಕ್ಕೊಂಡೀನಿ."

ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಏನೇನು ಕೆಡಬಹುದೆಂದು ಯೋಚಿಸಿದವನಿಗೆ ಇದೊಂದು ಹೊಳೆದಿರಲಿಲ್ಲ.

ಅಕ್ಕ ಬಗ್ಗಿದರು. ಗಂಡನ ಬಲಗಾಲು ತಾಳಕ್ಕೆ ಮೇಲೆದ್ದ ಹೊತ್ತು ನೋಡಿ ಟವೆಲ್ಲನ್ನು ಮೆತ್ತಗೆ ಎಳೆದುಕೊಂಡರು, ಮಲಗಿದ ರೋಗಿಯ ಕೆಳಗಿನಿಂದ ಚಾದರ ಎಳೆಯುವ ಹಾಗೆ, ಅವರಿಗೆ ಗೊತ್ತೇ ಆಗದಂತೆ. ಪಾದ ನೆಲಕ್ಕೆ ಬಿತ್ತು. ಟಕ್. ಟಕ್. ಟವೆಲ್ಲನ್ನು ನನ್ನ ಕೈಗಿತ್ತು ಒಳಗೆ ಹೋದರು. ಬಾಗಿಲನ್ನು ಈ ಸಲ ಪೂರ್ತಿ ಮುಚ್ಚಲಿಲ್ಲ.

ಷಡ್ಡಕರು ಅಷ್ಟರಲ್ಲಿ ತಿರುಗಿ, ನಾನು ಟವೆಲ್ ಹಿಡಿದು ನಿಂತಿರುವುದನ್ನು ಕಂಡು, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದರು. ಲವಂಗ ಕಚ್ಚಿದ ಹಲ್ಲಿನ ಸಂದಿಯಿಂದಲೇ, ಗಾಬರಿಯಿಂದ ಕೇಳಿದರು:

"ಯಾಕ ತಮ್ಮಾ? ಸಪ್ಪಳ ಬರಾಕತ್ತೈತೇನು?"

"ಏನಿಲ್ಲ ಅಣ್ಣಾರ" ಎಂದೆ. "ನುಡಸ್ರಿ. ಮೊದಲ ಆ ಲವಂಗ ಉಗುಳ್ರಿ."